ನಮ್ಮ ಭಾಷೆ ಓದಬಲ್ಲ ಇಬ್ಬರು

ಪ್ರೀತಿಯ ಅಕ್ಕಾ,

ನಿನ್ನ ಹೆಸರು ಹಾಕಿಕೊಂಡು ಗರ್ಭಿಣಿಯರಿಗೆ ಪುಡಿ ಮಾರುತ್ತಿದ್ದ ಆ ನಕಲಿ ಖಾತೆ ನಿನ್ನೆ ಹೋಯಿತು. ನಾನೇ ಹುಡುಕಿ ನೋಡಿದೆ, ಇಲ್ಲ.

ಇಂಟರ್ನೆಟ್ ಸುರಕ್ಷತೆಗಾಗಿ ಕೆಲಸ ಮಾಡುವ ಈ ಫೆಲೋಶಿಪ್ ನನಗೆ ಸಿಕ್ಕಾಗ ಅಮ್ಮ, "ಇಂಟರ್ನೆಟ್ ಆರೋಗ್ಯವಾಗಿರ್ಲಿ ಅಂತ ಸಂಬಳ ಕೊಡ್ತಾರಾ? ಅದಕ್ಕೇನು ಜ್ವರ ಬಂದಿದ್ಯಾ?" ಎಂದು ನಕ್ಕಿದ್ದಳು. ನೀನು ನಗಲಿಲ್ಲ. ಆ ಪುಡಿ ಮಾರುವವಳು ನೀನೇ ಎಂದು ಜನ ನಂಬಿದ್ದರಿಂದ, ಬಾಣಂತಿಯರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ನಿನ್ನ ಪುಟವನ್ನು ಆಗಲೇ ಮುಚ್ಚಿ, ಆಸ್ಪತ್ರೆಗೂ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ.

ಅಂತರ್ಜಾಲದ ನಿಯಮ ಬರೆಯುವ ಸಮಿತಿಗೆ ಸಲಹೆ ಕೊಡುವುದು ನನ್ನ ಕೆಲಸ. ಆ ನಕಲಿ ಖಾತೆ ಇದ್ದ ಜಾಲತಾಣದ ಕಂಪನಿಯವರು ಸಭೆಗೆ ಬಂದಾಗ, ನೀನು ಮತ್ತೆ ಮತ್ತೆ ಕಳಿಸಿದ್ದ ದೂರನ್ನು ಅವರ ಮುಂದಿಟ್ಟು ಓದಲು ಹೇಳಿದೆ. ಅವರ ವಕೀಲರು ತಿರುಗಿಸಿ ಮುರುಗಿಸಿ ನೋಡಿ, "ಈ ಭಾಷೆ ಓದೋರು ನಮ್ಮಲ್ಲಿ ಯಾರೂ ಇಲ್ಲ" ಎಂದರು.

ಅಧ್ಯಕ್ಷೆ ಕನ್ನಡಕ ತೆಗೆದು ಕೇಳಿದರು: "ಹಾಗಾದ್ರೆ ಈ ದೂರಿಗೆ, ಖಾತೆಯಲ್ಲಿ ತಪ್ಪೇನೂ ಕಾಣ್ಲಿಲ್ಲ ಅಂತ ಉತ್ತರ ಬರೆದಿದ್ದು ಯಾರು?"

"ಯಂತ್ರ, ಮೇಡಂ."

ದೂರನ್ನು ಅದೇ ಭಾಷೆ ಬಲ್ಲ ಮನುಷ್ಯರೇ ಓದಬೇಕೆಂಬ ಸಾಲು ಅಂದೇ ಕರಡಿನಲ್ಲಿ ಸೇರಿತು. ಅದು ಕಾಯಿದೆಯಾಗಲು ಇನ್ನೂ ಕಾಯಬೇಕು. ಆದರೆ ಕಂಪನಿ ಈಗಲೇ ಇಬ್ಬರನ್ನು ನೇಮಿಸಿಕೊಂಡಿದೆ. ಅವರು ಮೊದಲು ಓದಿದ್ದು ನಿನ್ನದನ್ನೇ.

ನಿನ್ನ ಪುಟವನ್ನು ಮತ್ತೆ ತೆರೆಯೋಣ; ಹೊಸ ಖಾತೆಗೆ ನರ್ಸ್ ಸಮವಸ್ತ್ರದಲ್ಲಿರುವ ನಿನ್ನ ಫೋಟೋ ಕಳಿಸು. ಗಂಟುಮುಖದ್ದು ಬೇಡ.

ಇನ್ನೊಂದು ವಿಷಯ. ನನ್ನ ಮನೆ ಮಾಲೀಕರ ಸೊಸೆಗೆ ಏಳು ತಿಂಗಳು, ಕಾಲು ಊದಿದೆ. ಡಾಕ್ಟರು ಪರವಾಗಿಲ್ಲ ಎಂದರೂ ಅವಳಿಗೆ ಭಯ ಹೋಗಿಲ್ಲ. "ನಿಮ್ಮಕ್ಕನ್ನ ಒಂದು ಮಾತು ಕೇಳ್ತೀರಾ?" ಎಂದಳು. ನೀನೇ ಮಾತಾಡು ಅಕ್ಕಾ. ಅವಳ ನಂಬರ್ ಈ ಕಾಗದದ ಹಿಂಬದಿಯಲ್ಲಿದೆ, ಕಾಯುತ್ತಿದ್ದಾಳೆ.

ನಿನ್ನ ಬಾಯಿಬಡುಕಿ ತಂಗಿ