ಫೋಕಸ್ ಲೈಟ್ ಮನೆ

ಅಬ್ಬಿಗೆರೆ
೧೪ ನವೆಂಬರ್ ೨೦೨೪, ಗುರುವಾರ

ಮಗನೇ ಮಹೇಂದ್ರ,

ನಿನ್ನ ತಾಯಿಯ ಆಶೀರ್ವಾದ. ಹೇಗಿದ್ದೀಯಪ್ಪ? ಬಲಗೈ ಗೆಣ್ಣಿನ ಗಾಯ ಒಣಗಿತೇ? ಅಲ್ಲಿ ಅರಿಶಿನ ಹಚ್ಚುವವರು ಯಾರೂ ಇರುವುದಿಲ್ಲ, ನಾಚಿಕೆ ಬಿಟ್ಟು ಜೈಲಿನ ಡಾಕ್ಟರನ್ನೇ ಕೇಳು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಟೀ ಕುಡಿಯಬೇಡ, ನಿನಗೆ ಎದೆ ಉರಿಯುತ್ತದೆ. ಸುಮಾ ಕಳಿಸಿದ ರಗ್ಗನ್ನು ಒಳಗೆ ಬಿಟ್ಟರಂತೆ, ಸಂತೋಷ. ಮುದ್ದೆಯೂ ಕೊಡುತ್ತಾರೆ ಎಂದು ವಕೀಲರು ಹೇಳಿದರು. ಮನೆಯ ಹಾಗೆ ಇಲ್ಲ ಎಂದು ತಟ್ಟೆ ತಳ್ಳಬೇಡ, ನಿನ್ನ ಹೆಂಡತಿ ಸುಮಾಳ ಕೈಯಡುಗೆಗೂ ನೀನು ಹಾಗೆಯೇ ಮುಖ ಸಿಂಡರಿಸುತ್ತಿದ್ದೆ. ಈ ಕಾಗದವನ್ನು ನಿನಗಿಂತ ಮೊದಲು ಅಲ್ಲಿನ ಸಾಹೇಬರು ಓದುತ್ತಾರಂತೆ. ಓದಲಿ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಇಡೀ ಶಾಲೆಗೆ ಮೊದಲು ಬಂದವಳು ನಾನು, ನನ್ನ ಅಕ್ಷರ ಓದಲು ಯಾರೂ ಕಷ್ಟಪಡಬೇಕಾಗಿಲ್ಲ.

ನನ್ನ ಕುತ್ತಿಗೆಗೆ ಹಾಕಿದ ಏಳು ಹೊಲಿಗೆಯನ್ನೂ ನಿನ್ನೆ ಬಿಚ್ಚಿದರು. ಎಡಕ್ಕೆ ತಿರುಗಿದರೆ ಈಗಲೂ ಚರ್ಮ ಹರಿದ ಹಾಗಾಗುತ್ತದೆ, ಅದಕ್ಕೇ ಪೂರ್ತಿ ಮೈಯನ್ನೇ ತಿರುಗಿಸುತ್ತೇನೆ. ಸುಮಾ ನೋಡಿ ನಕ್ಕಳು, ನಾನು ಗದರಲಿಲ್ಲ. ಒಂಬತ್ತು ದಿನದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ. ನಿಮ್ಮಪ್ಪ ಊಟ ಮಾಡುತ್ತಾರೆ, ಮಾತ್ರೆ ನುಂಗುತ್ತಾರೆ. ನಿನ್ನ ಚಪ್ಪಲಿ ಬಾಗಿಲ ಬಳಿ ಇದ್ದಲ್ಲೇ ಇದೆ, ಯಾರನ್ನೂ ಮುಟ್ಟಗೊಟ್ಟಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳದೆ ಓದು. ನೀನು ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಅರ್ಧ ಮುಗಿದಿತ್ತು. ಮೊದಲಿನಿಂದ ಸಾಲಾಗಿ ಬರೆದರೆ ಮಾತ್ರ ತಪ್ಪು ಎಲ್ಲಿ ನಡೆಯಿತೆಂದು ನಿನಗೂ ಕಾಣುತ್ತದೆ.

ಹೋದ ವರ್ಷ ಗೇಟಿನ ಹೊರಗಿಟ್ಟ ನಿನ್ನ ಗಾಡಿ ಕಳುವಾದ ಮೇಲೆ ಎಸ್.ಪಿ. ರೋಡಿಗೆ ಹೋಗಿ ಎರಡು ಫೋಕಸ್ ಲೈಟು ತಂದೆಯಲ್ಲ, ಹಾಕಿಸಿದವಳು ನಾನೇ. ಗೇಟಿನ ಕಂಬಗಳ ಮೇಲೆ ಬೀದಿಗೆ ಮುಖ ಮಾಡಿ ಇರಿಸು ಎಂದಿದ್ದೂ ನಾನೇ. ಎಲೆಕ್ಟ್ರಿಷಿಯನ್ ನದೀಮ್ ಏಣಿಯ ಮೇಲಿಂದಲೇ ಹೇಳಿದ್ದ, "ಅಮ್ಮಾ, ಸ್ವಲ್ಪ ಕೆಳಗಡೆ ಬಗ್ಸೋಣ, ಕಣ್ಣಿಗೆ ಹೊಡೆಯುತ್ತೆ" ಅಂತ. ಕಳ್ಳನ ಕಣ್ಣಿಗೆ ಹೊಡೆಯಲಿ ಎಂದೇ ಹಾಕಿಸುತ್ತಿರುವುದು ಎಂದು ಅವನ ಬಾಯಿ ಮುಚ್ಚಿಸಿದೆ. ಎದುರುಮನೆ ಸುಬ್ಬಮ್ಮ ನಿದ್ದೆ ಬರುವುದಿಲ್ಲ ಎಂದು ದೂರು ತಂದಾಗ, ಪರದೆ ದಪ್ಪದ್ದು ಹಾಕಿಕೋ ಎಂದು ಕಳಿಸಿದೆ. ನಿಮ್ಮಪ್ಪ ಒಬ್ಬರೇ ಕಡೆಯವರೆಗೂ ಒಪ್ಪಲಿಲ್ಲ. ಈಗ ನಮ್ಮ ಬಾಡಿಗೆ ಮನೆಗಳಿರುವ ಜಾಗದಲ್ಲೇ ಅವರು ಹಿಂದೆ ರಾಗಿ ಕಣ ಕಾಯುತ್ತಿದ್ದರಲ್ಲ. ಹುಲ್ಲು ಸರಿದ ಸದ್ದಾದರೆ ಮೊದಲು ಲಾಟೀನು ಆರಿಸುತ್ತಿದ್ದರಂತೆ, ಆಮೇಲೆ ದೊಣ್ಣೆ ಹಿಡಿಯುತ್ತಿದ್ದರಂತೆ. "ಲಾಟೀನು ಇಡ್ಕಂಡೋನ್ಗೆ ಲಾಟೀನ್ ಗಂಟ ಮಾತ್ರ ಕಾಣೋದು ಕಣೆ. ಕಳ್ಳನ್ಗೆ ಇಡ್ಕಂಡೋನೇ ಕಾಣ್ತಾನೆ" ಎಂದರು. ನಾನು, ಇದು ಲಾಟೀನಲ್ಲ, ಇನ್ನೂರು ವ್ಯಾಟು ಎಂದೆ. ಅವರು ಎದ್ದು ಒಳಗೆ ಹೋದರು.

ಸುಳ್ಳು ಯಾಕೆ ಹೇಳಲಿ, ಆ ದೀಪದಿಂದ ಒಳ್ಳೆಯದೂ ಆಗಿತ್ತು. ಕಾಂಪೌಂಡಿಗೆ ಉಚ್ಚೆ ಹೊಯ್ಯುವವರು ನಿಂತರು. ಕಸದ ಕವರು ಎಸೆಯುವವರು ನಿಂತರು. ಗಾರ್ಮೆಂಟ್ಸಿನಿಂದ ಕತ್ತಲಾದ ಮೇಲೆ ಬರುವ ಹೆಣ್ಣುಮಕ್ಕಳು ನಮ್ಮ ಮನೆಯ ಹತ್ತಿರ ಬಂದಾಗ ನಡಿಗೆ ನಿಧಾನ ಮಾಡುವುದನ್ನು ನಾನೇ ನೋಡಿದ್ದೇನೆ. ಆಟೋದವರು ಫೋಕಸ್ ಲೈಟ್ ಮನೆ ಎಂದರೆ ನೇರ ತಂದು ಬಿಡುತ್ತಿದ್ದರು. ನನಗೆ ಅದರಲ್ಲಿ ಹೆಮ್ಮೆ ಇತ್ತು.

ದೀಪಾವಳಿ ಮುಗಿದ ಆ ಮಂಗಳವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಕೂತೆ. ಸೊಸೆ ಹಾಕಿದರೆ ಚುಕ್ಕಿ ಸೊಟ್ಟ ಎಂಬುದು ನನ್ನ ಹಟ, ನಿನಗೆ ಗೊತ್ತು. ಬಗ್ಗಿ ಕೂತಿದ್ದರಿಂದ ಅವಲಕ್ಕಿ ಸರ ಸೆರಗಿನಿಂದ ಜಾರಿ ಮುಂದೆ ನೇತಾಡುತ್ತಿತ್ತು. ಎರಡು ಲೈಟೂ ಅದರ ಮೇಲೇ ಬೀಳುತ್ತಿದ್ದವು. ಬೀದಿಯ ಕೊನೆಯಿಂದಲೂ ಅದು ಹೊಳೆದಿರಬೇಕು ಎಂದು ಈಗ ಅನ್ನಿಸುತ್ತದೆ. ಬೈಕಿನ ಸದ್ದು ಕೇಳಿ ತಲೆ ಎತ್ತಿದೆ. ಇಬ್ಬರಿದ್ದರು, ಹಿಂದೆ ಕೂತವನು ಬಗ್ಗಿ, ಹಾಲಿನ ಬೂತು ಎಲ್ಲಿ ಅಜ್ಜಿ ಎಂದ. ನಾನು ಬಾಯಿ ತೆಗೆಯುವ ಮೊದಲೇ ಕುತ್ತಿಗೆಗೆ ಕೈ ಬಿತ್ತು. ಸರ ಒಂದೇ ಸಲಕ್ಕೆ ಕಡಿಯಲಿಲ್ಲ. ನಿಮ್ಮಜ್ಜಿ ಕಾಲದ ಗಟ್ಟಿ ಚಿನ್ನ. ಬೈಕು ಮುಂದೆ ಹೋಯಿತು, ಜೊತೆಗೆ ನಾನೂ ಹೋದೆ. ಚರಂಡಿ ಚಪ್ಪಡಿಯವರೆಗೆ ಮೊಣಕೈ, ಗದ್ದ ತರೆಯುತ್ತ ಎಳೆದುಕೊಂಡು ಹೋದರು. ಆಗ ಅವನು ನನ್ನ ಭುಜಕ್ಕೆ ಬೂಟುಗಾಲು ಕೊಟ್ಟು ಒದ್ದ. ಸರ ಮಾಂಸ ಸೀಳಿಕೊಂಡು ಕಿತ್ತು ಬಂತು. ಬಾಯಲ್ಲಿ ರಂಗೋಲಿ ಪುಡಿ ಮತ್ತು ರಕ್ತ. ಆಗ ಕೂಗಿದೆ.

ನೀನು ಬನಿಯನ್ನಿನಲ್ಲೇ ಓಡಿ ಬಂದೆ. ಗೇಟಿಗೆ ಅಡ್ಡ ಹಾಕುವ ಕಬ್ಬಿಣದ ಸರಳು ನಿನ್ನ ಕೈಗೆ ಯಾವಾಗ ಬಂತೋ ನಾನು ನೋಡಲಿಲ್ಲ. ಅಷ್ಟರಲ್ಲಿ ತಿರುವಿನಲ್ಲಿ ಒಬ್ಬ ಬೈಕು ತಳ್ಳಿಕೊಂಡು, ಏದುಸಿರು ಬಿಡುತ್ತ ಬಂದ. ಕೈಗೆ ಹೆಲ್ಮೆಟ್ ಸಿಕ್ಕಿಸಿಕೊಂಡಿದ್ದ. ನನ್ನ ಅವಸ್ಥೆ ನೋಡಿ ಬೈಕು ನಿಲ್ಲಿಸಿ ನಮ್ಮ ಕಡೆಗೇ ಓಡಿ ಬಂದ. ನಾನು ನೆಲದ ಮೇಲಿಂದ ಕೈ ಚಾಚಿ ಅವನನ್ನು ತೋರಿಸಿದೆ.

"ಇವ್ನೇ ಕಣೋ. ಬಿಡ್ಬೇಡ."

ಮೊದಲ ಏಟು ಮೊಣಕಾಲಿಗೆ ಬಿತ್ತು. ಅವನು ಕೂತುಬಿಟ್ಟ. ಎರಡನೆಯದನ್ನು ತಡೆಯಲು ಬಲಗೈ ಎತ್ತಿದ, ಒಣ ಸೌದೆ ಮುರಿದ ಸದ್ದು ನಾನು ಬಿದ್ದಿದ್ದಲ್ಲಿಗೂ ಕೇಳಿಸಿತು. ಬೀದಿಯ ನಾಲ್ಕು ಗಂಡಸರು ಬಂದು ಸೇರಿಕೊಂಡು ಕಾಲಲ್ಲಿ ಹೊಸಕಿದರು. ಒಬ್ಬ ಅವನ ಹೆಲ್ಮೆಟ್ಟನ್ನೇ ಕಿತ್ತುಕೊಂಡು ಮುಖಕ್ಕೆ ಬಡಿದ. ಅವನು ನಿನಗೆ ಏನೂ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ. ನನ್ನ ಕಡೆಗೇ ತಿರುಗಿ ಒಂದೇ ಮಾತು ಹೇಳುತ್ತಿದ್ದ.

"ಅಮ್ಮಾ, ನನ್ನ ಮುಖ ನೋಡಿ. ಸರಿಯಾಗಿ ನೋಡಿ ಅಮ್ಮಾ."

ನಾನು ನೋಡಿದೆ. ಆ ಬೆಳಕಿನಲ್ಲಿ ಹುಬ್ಬಿನ ಮೇಲಿನ ಮಚ್ಚೆಯೂ ಕಂಡಿತು. ನೀನು ಒಂದು ಕ್ಷಣ ಸರಳು ಇಳಿಸಿ ನನ್ನ ಕಡೆ ನೋಡಿದೆಯಲ್ಲ, ಅದು ನನಗೆ ಮರೆಯುವುದಿಲ್ಲ. ನೀನು ಕೇಳಿದೆ, ಬಾಯಿಬಿಟ್ಟು ಅಲ್ಲ, ಕಣ್ಣಲ್ಲಿ. ನಾನು ಹೌದೆಂದು ತಲೆ ಆಡಿಸಿದೆ. ಮೂರನೇ ಏಟು ಕಣ್ಣಿನ ಮೇಲೆ ಬಿತ್ತು.

ಅವನ ಹೆಸರು ಶಿವಪ್ರಕಾಶ. ಹಿಂದಿನ ಬೀದಿಯಲ್ಲಿ ಎರಡು ವರ್ಷದಿಂದ ಬಾಡಿಗೆಗಿದ್ದಾನೆ. ಪೀಣ್ಯದಲ್ಲಿ ಲೇತ್ ಕೆಲಸ, ರಾತ್ರಿ ಪಾಳಿ ಮುಗಿಸಿ ಬರುವಾಗ ಪೆಟ್ರೋಲ್ ಮುಗಿದು ಬೈಕು ತಳ್ಳುತ್ತಿದ್ದನಂತೆ. ಎರಡು ವರ್ಷ ನಮ್ಮ ಗೇಟಿನ ಮುಂದೆಯೇ ಓಡಾಡಿದ್ದಾನೆ, ನಾನು ಒಂದು ದಿನವೂ ಅವನನ್ನು ನೋಡಿರಲಿಲ್ಲ. ಅವನ ಮೇಲೆ ಸರಗಳ್ಳತನದ ಕೇಸು, ನಿನ್ನ ಮೇಲೆ ಕೊಲೆ ಯತ್ನದ ಕೇಸು. ಅವನು ಆಸ್ಪತ್ರೆಯಲ್ಲಿ, ಹಾಸಿಗೆ ಪಕ್ಕ ಪೊಲೀಸಿನವನು. ಸರ ಅವನ ಹತ್ತಿರ ಸಿಕ್ಕಿಲ್ಲ. ಜೊತೆಗಾರನಿಗೆ ದಾಟಿಸಿರುತ್ತಾನೆ ಎನ್ನುತ್ತಾರೆ ನಮ್ಮ ವಕೀಲ ವೀರಬಸಪ್ಪನವರು.

ನಮ್ಮ ಮನೆ ಮುಂದೆ ಕ್ಯಾಮೆರಾ ಇತ್ತಲ್ಲ ಎಂದು ನೀನು ಧೈರ್ಯವಾಗಿದ್ದೆ. ಸ್ಟೇಷನ್ನಿನಲ್ಲಿ ನನಗೂ ತೋರಿಸಿದರು. ಬೀದಿಯ ಕಡೆ ಇಡೀ ಬಿಳಿ. ಕಳ್ಳರು ಬಂದಿದ್ದು ಹೋಗಿದ್ದು ಎರಡು ಬಿಳಿ ಹೊಗೆ ಸರಿದ ಹಾಗೆ ಕಾಣುತ್ತದೆ. ಫೋಕಸ್ ಎದುರಿನ ಬಿಳಿ ಗೋಡೆಗೆ ಬಡಿದು ವಾಪಸು ಬಂದರೆ ಕ್ಯಾಮೆರಾಗೂ ಕಣ್ಣು ಹೋಗುತ್ತದೆಯಂತೆ. ಗೇಟಿನ ಕೆಳಗೆ ನಡೆದಿದ್ದು ಮಾತ್ರ ಸ್ಪಷ್ಟವಾಗಿದೆ. ನೀನು ನಿನ್ನ ಬನಿಯನ್ನಿನ ತೂತಿನ ಸಮೇತ ಕಾಣುತ್ತೀಯ. ಸರಳು ಎಷ್ಟು ಸಲ ಎದ್ದಿತು ಎಂದು ಎಣಿಸಬಹುದು. ಕಳ್ಳನನ್ನು ಹಿಡಿಯಲು ಹಾಕಿಸಿದ ದೀಪ ನನ್ನ ಮಗನನ್ನು ಹಿಡಿದುಕೊಟ್ಟಿತು.

ವೀರಬಸಪ್ಪನವರು ಮೂರು ಸಲ ಬಂದು ಹೋದರು. "ಅಮ್ಮಾ, ನೀವು ಮುಖ ನೋಡಿ ಗುರುತು ಹಿಡಿದ್ರಿ ಅನ್ನೋ ಒಂದೇ ಮಾತಿನ ಮೇಲೆ ಮಹೇಂದ್ರನ ಜಾಮೀನು ನಿಂತಿದೆ" ಎಂದರು. ತಾಯಿಯ ಕುತ್ತಿಗೆ ಸೀಳಿದ ಕಳ್ಳನನ್ನು ಮಗ ಹೊಡೆದ ಎಂದರೆ ಕೋರ್ಟು ಒಂದು ತರಹ ನೋಡುತ್ತದೆ, ದಾರಿಹೋಕನನ್ನು ಹೊಡೆದ ಎಂದರೆ ಇನ್ನೊಂದು ತರಹ. ಅಷ್ಟು ನನಗೂ ಅರ್ಥವಾಗುತ್ತದೆ. ಇನ್ನೂರು ವ್ಯಾಟಿನ ಬೆಳಕಿನಲ್ಲಿ ನೋಡಿದ್ದೇನೆ ಸ್ವಾಮಿ, ತಪ್ಪಾಗಲು ಸಾಧ್ಯವೇ ಎಂದು ನಾನೇ ಅವರಿಗೆ ಹೇಳಿ ಕಳಿಸಿದೆ.

ಆದರೆ ಭಾನುವಾರ ಬೆಳಿಗ್ಗೆ ಸುಮಾ ರಂಗೋಲಿ ಹಾಕುತ್ತಿದ್ದಳು, ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕಂಬದ ಪಕ್ಕದಿಂದ ಹಾಲಿನವನು ಏನೋ ಕೇಳಿದ. ಅವಳು ತಲೆ ಎತ್ತಿ, ಕಣ್ಣಿಗೆ ಅಂಗೈ ಅಡ್ಡ ಹಿಡಿದು, "ಯಾರು?" ಎಂದಳು. ದಿನಾ ಹಾಲು ಕೊಡುವವನನ್ನು ಯಾರು ಎಂದಳು.

ಸೋಮವಾರ ಅದೇ ಐದೂ ಮುಕ್ಕಾಲಿಗೆ ಅವಳನ್ನು ಎಬ್ಬಿಸಿದೆ. ನಿನ್ನ ಕೆಂಪು ಟೀ ಶರ್ಟು ಕೊಟ್ಟೆ, ಬೈಕು ನಿಂತಿದ್ದ ಜಾಗದಲ್ಲಿ ನಿಲ್ಲಿಸಿದೆ. ನಾನು ರಂಗೋಲಿ ಜಾಗದಲ್ಲಿ ಕೂತು ತಲೆ ಎತ್ತಿದೆ. ಒಂದು ಕಂಬದ ಲೈಟು ಅವಳ ತಲೆಯ ಹಿಂದಿನಿಂದ ನೇರ ನನ್ನ ಕಣ್ಣಿಗೆ, ಇನ್ನೊಂದರ ಅಂಚು ಕಣ್ಣ ಮೂಲೆಗೆ. ಪಕ್ಕದಲ್ಲಿ ಸುಬ್ಬಮ್ಮನ ಬಿಳಿ ಗೋಡೆಯಿಂದ ಬೆಳಕು ವಾಪಸು ಬಡಿಯುತ್ತಿತ್ತು. ನಡುವೆ ನಿಂತವಳು ಬರೀ ಕಪ್ಪು. ಎರಡು ಮೊಳ ದೂರದಲ್ಲಿ ಹನ್ನೊಂದು ವರ್ಷದಿಂದ ನನ್ನ ಮನೆಯಲ್ಲಿರುವ ಸೊಸೆ ನಿಂತಿದ್ದಾಳೆ, ನನಗೆ ಮೂಗೆಲ್ಲಿ ಬಾಯೆಲ್ಲಿ ಗೊತ್ತಾಗಲಿಲ್ಲ. ಟೀ ಶರ್ಟು ಕೆಂಪೋ ನೀಲಿಯೋ ತಿಳಿಯಲಿಲ್ಲ. ಕೂತಲ್ಲಿಂದಲೇ ನಿಮ್ಮಪ್ಪನಿಗೆ, ಲೈಟು ಆರಿಸಿ ಎಂದು ಕೂಗಿದೆ. ಆರಿಸಿದರು. ಒಂದೆರಡು ನಿಮಿಷ ಕಣ್ಣು ಹೊಂದಿಕೊಳ್ಳಲಿ ಎಂದು ಕಾದೆ. ಬೆಳಗಿನ ಆ ಮಸುಕಿನಲ್ಲಿ ಮೊದಲು ಸುಮಾಳ ಮೂಗುತಿ ಕಂಡಿತು, ಆಮೇಲೆ ಅವಳು ಅಳುತ್ತಿರುವುದು ಕಂಡಿತು.

ಮಗನೇ, ಸರ ಕಿತ್ತವನ ಮುಖ ನಾನು ನೋಡಿಯೇ ಇರಲಿಲ್ಲ. ಶಿವಪ್ರಕಾಶನ ಮುಖ ನನಗೆ ಅಷ್ಟು ಚೆನ್ನಾಗಿ ಕಂಡಿದ್ದು ನೀನು ಅವನನ್ನು ದೀಪದ ಕೆಳಗೆ ಬೀಳಿಸಿ ಹೊಡೆಯುವಾಗ. ಆ ಮುಖವನ್ನೇ ಎತ್ತಿಕೊಂಡು ಹಿಂದಿನ ಕಪ್ಪಿಗೆ ಅಂಟಿಸಿಬಿಟ್ಟೆ. ಹಾಗೆ ಅಂಟಿಸಿದ್ದು ನನಗೇ ಗೊತ್ತಾಗಲಿಲ್ಲ. ಸುಳ್ಳು ಹೇಳಿದೆ ಎಂದು ಅನ್ನಬೇಡ. ನಾನು ಜೀವನದಲ್ಲಿ ಸುಳ್ಳು ಹೇಳಿದವಳಲ್ಲ. ಆದರೆ ಇನ್ನು ಮುಂದೆ ಅದೇ ಮಾತು ಹೇಳಿದರೆ ಅದು ಸುಳ್ಳು.

ಮಂಗಳವಾರ ಆಸ್ಪತ್ರೆಗೆ ಹೋದೆ. ಒಳಗೆ ಬಿಡಲಿಲ್ಲ. ಹೊರಗೆ ಅವನ ಹೆಂಡತಿ ನಾಗಲಕ್ಷ್ಮಿ ಕೂತಿದ್ದಳು. ಗಾರ್ಮೆಂಟ್ಸಿನ ಹುಡುಗಿ, ಕತ್ತಲಾದ ಮೇಲೆ ನಮ್ಮ ದೀಪದ ಕೆಳಗೆ ಬರುವಾಗ ನಡಿಗೆ ನಿಧಾನ ಮಾಡುತ್ತಿದ್ದವರಲ್ಲಿ ಒಬ್ಬಳು. ನನ್ನನ್ನು ಕಂಡು ಎದ್ದು ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಕೈಯ ಮೂಳೆ ಮೂರು ಕಡೆ ಹೋಗಿದೆ, ಎಡಗಣ್ಣಿಗೆ ದೃಷ್ಟಿ ಬರುವುದಿಲ್ಲ ಎಂದಳು, ಬೇರೆ ಯಾರದ್ದೋ ಸುದ್ದಿ ಹೇಳುವವಳ ಹಾಗೆ. ಆ ದೀಪ ಕಿತ್ತು ಹಾಕಿಸುತ್ತೇನೆ ತಾಯಿ ಎಂದೆ. "ಬೇಡಮ್ಮ, ನಾವು ದಿನಾ ಬರೋ ದಾರಿ ಅದು. ಮುಖಕ್ಕೆ ಹೊಡೆಯೋ ಹಾಗೆ ಇಡ್ಬೇಡಿ ಅಷ್ಟೇ" ಎಂದಳು. ನದೀಮನನ್ನು ಕರೆಸಿ ಎರಡನ್ನೂ ನೆಲಕ್ಕೆ ಮುಖ ಮಾಡಿಸಿದ್ದೇನೆ, ಮೇಲೆ ತಗಡಿನ ಮರೆ ಹಾಕಿದ್ದಾನೆ. ಈಗ ಬೀದಿಯಲ್ಲಿ ನಡೆಯುವವರ ಮುಖ ಕಾಣುತ್ತದೆ. ಸುಬ್ಬಮ್ಮನೂ ಮಲಗುತ್ತಾಳೆ.

ಅಲ್ಲಿ ಯಾರೊಂದಿಗೂ ಜಗಳಕ್ಕೆ ಹೋಗಬೇಡ. ಕೋಪ ಬಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲು, ಚಿಕ್ಕವನಿದ್ದಾಗ ನಿಲ್ಲಿಸುತ್ತಿದ್ದೆನಲ್ಲ, ಹಾಗೆ. ನಿಮ್ಮಪ್ಪ ಆಶೀರ್ವಾದ ಬರಿ ಎಂದರು. ಸುಮಾ ತಾನೇ ಬೇರೆ ಬರೆಯುತ್ತಾಳಂತೆ. ದೇವರು ನಿನ್ನ ಕೈ ಕಾಯಲಿ.

ನಿನ್ನ ತಾಯಿ,
ಗಂಗರತ್ನಮ್ಮ

ತಾ.ಕ.: ಅಂಚೆ ಹೊತ್ತಾಯಿತೆಂದು ಸುಮಾ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ಹೊಲಿಗೆ ಬಿಚ್ಚಿಸಿಕೊಂಡು ನೇರ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬದಲಾಯಿಸಿದೆ. ನನಗೆ ಮುಖ ಕಾಣಲಿಲ್ಲ ಎಂದು ಬರೆಸಿದ್ದೇನೆ. ಬಿಡಬೇಡ ಎಂದಿದ್ದು, ನೀನು ನಿಲ್ಲಿಸಿದಾಗ ತಲೆ ಆಡಿಸಿದ್ದು ನಾನು ಎಂದೂ ಬರೆಸಿದ್ದೇನೆ. ನನ್ನನ್ನೂ ಕೇಸಿಗೆ ಸೇರಿಸಬಹುದಂತೆ, ಸೇರಿಸಲಿ. ಬರುವ ಬುಧವಾರ ನಿನಗೆ ಜಾಮೀನು ಸಿಗದೇ ಹೋಗಬಹುದು. ಏಟು ಬಿದ್ದ ಮೇಲೆ ಅಮ್ಮನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ವೀರಬಸಪ್ಪನವರು ಒಂದು ಕಾಗದ ತರುತ್ತಾರೆ, ನನ್ನ ಮಗನಾಗಿದ್ದರೆ ಅದಕ್ಕೆ ಸಹಿ ಹಾಕಬೇಡ. ನಿನ್ನೆ ಸಂಜೆ ಪೊಲೀಸಿನವನು ಶಿವಪ್ರಕಾಶನ ಹಾಸಿಗೆ ಬಿಟ್ಟು ಎದ್ದು ಹೋದ ಮೇಲೆ ನನ್ನನ್ನು ಒಳಗೆ ಬಿಟ್ಟರು. ಎದುರಿಗೆ ಹೋಗಿ ನಿಂತೆ. ಬಹಳ ಹೊತ್ತು ನಿಂತೆ. ಈ ಸಲ ಅವನು ನನ್ನ ಮುಖ ನೋಡಲಿಲ್ಲ.