ಎರಡೂವರೆ ಇಂಚು

ಭಾಂಡುಪ್, ಆಗಸ್ಟ್ ೧೯೫೮

ಗೆಳೆಯ ಪರಪ್ಪನಿಗೆ ನೀಲಕಂಠಪ್ಪನ ನಮಸ್ಕಾರ.

ಮೊನ್ನೆ ಆದಿತ್ಯವಾರ ಚೆಂಬೂರಿನ ನಿನ್ನ ಮನೆಯಲ್ಲಿ ಮಗಳ ಹೆಸರಿಡುವ ಊಟಕ್ಕೆ ಕೂತವನು ಎರಡನೇ ಹೋಳಿಗೆ ಬಡಿಸುವ ಮೊದಲೇ ಎದ್ದು ಬಂದೆ. ಹೊಟ್ಟೆನೋವು ಎಂದೆ. ನೀನು ನಂಬಿದೆ, ಊಟ ಬಿಟ್ಟು ಸ್ಟೇಷನ್ನಿನವರೆಗೆ ಬಂದು ಲೋಕಲ್ ಹತ್ತಿಸಿದೆ. ನನ್ನ ಹೊಟ್ಟೆಗೆ ಏನೂ ಆಗಿರಲಿಲ್ಲ. ಪಂಕ್ತಿಯಲ್ಲಿ ಕೂತ ಅಷ್ಟು ಜನರ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಈ ಲಗ್ನ ಆಗಿದ್ದ ಇವನಿಂದ. ಇಂಥಾ ಗೆಳೆಯಾ ಎಲ್ಲಿ ಸಿಗತಾನ್ರೀ?" ಎಂದೆಯಲ್ಲ, ಆಮೇಲೆ ಅಲ್ಲಿ ಕೂರಲಾಗಲಿಲ್ಲ. ಬಡಿಸುತ್ತಿದ್ದ ನಿನ್ನ ಹೆಂಡತಿ ಶರಣವ್ವ ಆಗ ನನ್ನ ಮುಖ ನೋಡಿದಳು. ಎಲೆಗೆ ತುಪ್ಪ ಹಾಕಿ ಮುಂದೆ ಹೋದಳು. ನಾಲ್ಕು ವರ್ಷದಲ್ಲಿ ಅವಳು ನಿನಗೆ ಆ ಸಂಗತಿ ಹೇಳಿಯೇ ಇಲ್ಲ ಎಂದು ನನಗೆ ಗೊತ್ತಾದದ್ದು ಆಗ. ಇನ್ನು ನಾನೇ ಹೇಳಬೇಕು. ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲದ್ದಕ್ಕೆ ಈ ವಾರವೆಲ್ಲ ಆಫೀಸಿಗೆ ರಜೆ ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಈ ಚಾಳಿನ ಒಂದೇ ಖೋಲಿಯಲ್ಲಿ ಮೂರು ವರ್ಷ ಇದ್ದೆವು. ನೀನು ಬೈಲಹೊಂಗಲದವನು, ನಾನು ಬಾಗಲಕೋಟೆಯವನು. ಫೋರ್ಟಿನ ಬಟ್ಟೆ ಕಂಪನಿಯಲ್ಲಿ ಅಕ್ಕಪಕ್ಕದ ಮೇಜು. ಮರಾಠಿ ನಿನಗೆ ಆರು ತಿಂಗಳಲ್ಲಿ ಬಂತು, ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಅಕ್ಷರ ನಿನ್ನದು ಮುತ್ತು. ಸಾಹೇಬರು ಕರೆಯುತ್ತಿದ್ದದ್ದು ನಿನ್ನನ್ನೇ. ನಳದ ಹತ್ತಿರದ ಹೆಂಗಸರು ಕಷ್ಟಸುಖ ಹೇಳಿಕೊಳ್ಳುತ್ತಿದ್ದದ್ದೂ ನಿನ್ನ ಹತ್ತಿರವೇ. ಇದ್ಯಾವುದಕ್ಕೂ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಯಾಕೆಂದರೆ ನೀನು ಐದು ಅಡಿ ಎರಡು ಇಂಚು, ನಾನು ಐದು ಅಡಿ ಹತ್ತು. ಚಾಳಿನವರು ನನ್ನನ್ನು ಲಂಬೂ ಎನ್ನುತ್ತಿದ್ದರು, ನಿನ್ನನ್ನು ಬುಟಕ್ಯಾ. ಇಬ್ಬರೂ ಜೊತೆಯಾಗಿ ಸ್ಟೇಷನ್ನಿಗೆ ನಡೆಯುವಾಗ ನಿನ್ನ ನೆತ್ತಿ ಕಾಣುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಒಂದು ಸಮಾಧಾನ. ದೇವರು ನನಗೆ ಕೊಟ್ಟದ್ದು ಅದೊಂದೇ, ಆದರೆ ಅದನ್ನು ಯಾರೂ ಕಸಿದುಕೊಳ್ಳುವಂತಿಲ್ಲ ಎಂದುಕೊಂಡಿದ್ದೆ.

ಆಮೇಲೆ ನೀನು ಕುರ್ಲಾದ ಶೆಟ್ಟೆಪ್ಪನ ಅಂಗಡಿಯನ್ನು ಪತ್ತೆಮಾಡಿದೆ. ಅಥಣಿಯಿಂದ ಬಂದು ನೆಲೆನಿಂತ ಆ ಮುದುಕ ಮುಂದುಗಡೆ ಚಪ್ಪಲಿ ಹೊಲಿಯುತ್ತಿದ್ದ, ಪರದೆಯ ಹಿಂದೆ ಗಂಡಸರಿಗೆ ಎತ್ತರ ಹೀಲಿನ ಬೂಟು ಮಾಡುತ್ತಿದ್ದ. ಜೊತೆಗೆ ಬಾ ಎಂದು ನನ್ನನ್ನು ಎಳೆದುಕೊಂಡು ಹೋದೆ. ಪರದೆಯ ಒಳಗೆ ಕರಿ ಕೋಟಿನ ಒಬ್ಬ ವಕೀಲ, ಅವನ ಪಕ್ಕದಲ್ಲಿ ಬೆರಳಿಗೆಲ್ಲ ಉಂಗುರ ಹಾಕಿದ ಒಬ್ಬ ದಪ್ಪ ಮನುಷ್ಯ. ಒಬ್ಬನ ಮುಖವನ್ನು ಇನ್ನೊಬ್ಬ ನೋಡುತ್ತಿರಲಿಲ್ಲ. ಪಾಳಿ ಬಂದಾಗ ಎದ್ದು, ಬೂಟು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, ಪ್ಯಾಂಟಿನ ಅಂಚು ಹೀಲನ್ನು ಮುಚ್ಚುತ್ತದೋ ಇಲ್ಲವೋ ಎಂದು ಬಗ್ಗಿ ನೋಡಿ, ಹಳೇ ಬೂಟನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು.

ಶೆಟ್ಟೆಪ್ಪ ನಿನಗೆ ಬಿಡಿಸಿ ಹೇಳಿದ: "ಹೊರಗ ಒಂದೂವರಿ ಇಂಚ ಹೀಲು, ಒಳಗ ಹಿಮ್ಮಡದ ಕೆಳಗ ಒಂದ ಇಂಚ ಬೆಂಡು. ಒಟ್ಟ ಎರಡೂವರಿ. ಹೊರಗಿನಿಂದ ಸಾದಾ ಬೂಟ. ಸಿನಿಮಾದವ್ರು, ದಲಾಲರು, ಮಾಸ್ತರು, ಎಲ್ಲಾರೂ ಒಯ್ತಾರ. ಯಾರೂ ಯಾರ ಮುಂದೂ ಹೇಳಂಗಿಲ್ಲ, ಅಷ್ಟ."

ಉಳಿದವರೆಲ್ಲ ಕಪ್ಪು ಬೂಟು ಆರಿಸಿದರು. ನೀನು ಕಂದು ಬಣ್ಣದ್ದನ್ನು ಆರಿಸಿದೆ, ಅದೂ ಮಿರಿಮಿರಿ ಮಿಂಚುವಂಥದ್ದು. ಕಣ್ಣಿಗೆ ಬೀಳುತ್ತದಲ್ಲೋ ಎಂದೆ ನಾನು. "ಬೀಳಲಿ ಬಿಡೋ. ಚೊಲೋ ಅದಾವ" ಎಂದೆ ನೀನು. ಹಾಕಿಕೊಂಡು ಎದ್ದು ನಿಂತಾಗ ಸುಮ್ಮನೆ ನಕ್ಕೆ. ಅಂಗಡಿಯಿಂದ ಸ್ಟೇಷನ್ನಿಗೆ ಬರುವಾಗ ನನಗೆ ನಿನ್ನ ನೆತ್ತಿ ಕಾಣಲಿಲ್ಲ, ಕಿವಿ ಕಂಡಿತು. ಆ ಎರಡೂವರೆ ಇಂಚನ್ನು ಯಾರೋ ನನ್ನ ಮೈಯಿಂದಲೇ ಕೊಯ್ದು ನಿನಗೆ ಹೊಲಿದುಕೊಟ್ಟ ಹಾಗೆ ಅನಿಸಿತು. ನಗಬೇಡ ಪರಪ್ಪಾ, ನಿಜ ಹೇಳುತ್ತಿದ್ದೇನೆ.

ಶರಣವ್ವನನ್ನು ಮೊದಲು ಕಂಡವನು ನಾನು. ಇದು ನಿನಗೆ ಗೊತ್ತಿಲ್ಲ. ಮಾಟುಂಗಾದ ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಿ ಅವಳು ಒಂದು ಮಧ್ಯಾಹ್ನ, "ಆ ಮ್ಯಾಲಿನ ಪುಸ್ತಕಾ ಒಂಚೂರು ತಗದ ಕೊಡತೀರೇನ್ರೀ?" ಎಂದು ಕೇಳಿದಳು. ಮುನಿಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಟೀಚರು, ಹೆಂಗಸರಲ್ಲಿ ಒಳ್ಳೆ ಎತ್ತರ, ಆದರೂ ಮೇಲಿನ ಹಲಗೆ ಅವಳ ಕೈಗೆ ಎಟುಕುತ್ತಿರಲಿಲ್ಲ. ನನ್ನ ಕೈಗೆ ಎಟುಕಿತು. ಆಮೇಲೆ ನಾಲ್ಕು ಆದಿತ್ಯವಾರ ನಾನು ಆ ಹಲಗೆಯ ಹತ್ತಿರವೇ ಸುಳಿದಾಡಿದೆ. ಐದನೆಯ ವಾರ ನೀನು ಜೊತೆಗೆ ಬಂದೆ. ಅವಳ ಕೈಯಲ್ಲಿದ್ದ ಪುಸ್ತಕದ ಬಗ್ಗೆ ನೀನು ಏನೋ ಕೇಳಿದೆ, ಅವಳು ಏನೋ ಹೇಳಿದಳು, ವಾಚನಾಲಯದ ಬಾಗಿಲು ಹಾಕುವವರೆಗೂ ಇಬ್ಬರೂ ಮಾತಾಡಿದಿರಿ. ನಾನು ಅವಳೊಂದಿಗೆ ಒಂದು ತಿಂಗಳಲ್ಲಿ ಆಡಿದ ಮಾತು ಹತ್ತು ಇರಬಹುದು. ನೀವು ಪಕ್ಕಪಕ್ಕದಲ್ಲಿ ನಿಂತಾಗ ಕಣ್ಣಿಗೆ ಕಣ್ಣು ಸಮ ಇತ್ತು. ನಾನು ಅದನ್ನೇ ನೋಡುತ್ತ ಕೂತಿದ್ದೆ. ಬರಿಗಾಲಲ್ಲಿ ನಿಲ್ಲಿಸಿದರೆ ಇವನ ಕಣ್ಣು ಅವಳ ಮೂಗಿನ ತುದಿಗೆ ಇಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ.

ಅವಳ ತಂದೆ ಶಂಕ್ರೆಪ್ಪನವರು ಸಂಘದ ಸಭೆಯಲ್ಲಿ ನಿನ್ನನ್ನು ಕಂಡು ಮೆಚ್ಚಿದ್ದು ನೆನಪಿದೆಯಲ್ಲ. ಮಗಳು ಎತ್ತರ, ಅವಳಿಗೆ ಸರಿಜೋಡಿ ಆಗಬೇಕು ಎಂದು ಅವರು ಮೂರು ಸಂಬಂಧ ಬಿಟ್ಟಿದ್ದರು. ನಿನ್ನನ್ನು ಅಲ್ಲೇ ಒಪ್ಪಿ ಮಾತು ಮುಗಿಸಿಬಿಡುತ್ತಿದ್ದರು. ನಾನು ಅವರನ್ನು ಪಕ್ಕಕ್ಕೆ ಕರೆದು, "ಮನಿಗೆ ಕರಸ್ರೀ ಮಾಂವಾರ. ನಾಲ್ಕ ಮಂದಿ ಹಿರಿಯಾರ ಮುಂದ ಚಂದಂಗ ಕೂಡಿಸಿ ನೋಡ್ರಿ" ಎಂದೆ. ನೀನು ಇವತ್ತಿಗೂ ಹೊಗಳುವುದು ಈ ಮಾತನ್ನೇ. ನಾನು ಹಾಗೆ ಹೇಳಿದ್ದು ಯಾಕೆ ಗೊತ್ತೇ? ಮನೆಗೆ ಹೋದವನು ಹೊಸ್ತಿಲ ಹೊರಗೆ ಬೂಟು ಬಿಡಲೇಬೇಕು.

ಅಷ್ಟಕ್ಕೇ ನಿಲ್ಲದೆ ಇನ್ನೊಂದು ಕೆಲಸ ಮಾಡಿದೆ. ಆ ವಾರ ನಿನಗೆ ಜ್ವರ. ನಾನೊಬ್ಬನೇ ವಾಚನಾಲಯಕ್ಕೆ ಹೋದೆ. ವಾಪಸು ಬರುವಾಗ ಕುರ್ಲಾದಲ್ಲಿ ಅವಳು ಚೆಂಬೂರಿನ ಲೋಕಲಿಗೆ ಕಾಯುತ್ತಿದ್ದಳು. ಹತ್ತಿರ ಹೋಗಿ ಎಲ್ಲ ಹೇಳಿದೆ. ಶೆಟ್ಟೆಪ್ಪ, ಪರದೆ, ಬೆಂಡು, ಎರಡೂವರೆ ಇಂಚು, ಒಂದನ್ನೂ ಬಿಡಲಿಲ್ಲ. ನಿಮಗೆ ಮೋಸ ಆಗಬಾರದು ಎಂದು ಹೇಳುತ್ತಿದ್ದೇನೆ ಎಂದೆ.

ಅವಳು ಹಳಿಯ ಕಡೆ ತಿರುಗಿದಳು. "ನನಗ ಮೊದಲನೇ ದಿನಾನ ಗೊತ್ತಾಗೇತ್ರಿ. ವಾಚನಾಲಯದ ಮೆಟ್ಟಲಾ ಇಳಿಯೂಮುಂದ ಅವರು ಕಾಲ ನೋಡಿ ಇಡತಾರ. ಉಳಿದ ಯಾವುದಕ್ಕೂ ಅಷ್ಟು ವಿಚಾರ ಮಾಡೂ ಮನಷ್ಯಾ ಅಲ್ಲ ಅವರು" ಎಂದಳು. ಗಾಡಿ ಬಂತು. ಹತ್ತುವ ಮೊದಲು ಇನ್ನೊಂದು ಮಾತು ಹೇಳಿದಳು: "ನೀವು ಅವರ ಗೆಳೆಯಾರು ಅಂತ ತಿಳಿದಿದ್ದೆ." ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಅವಳಿಗೆ ಗೊತ್ತಿದ್ದರೇನು, ತಂದೆಗೆ ಗೊತ್ತಿಲ್ಲವಲ್ಲ ಎಂದುಕೊಂಡು ನಿನ್ನ ಜೊತೆ ಚೆಂಬೂರಿಗೆ ಬಂದೆ. ನಿನ್ನ ಕಾಲರು ಸರಿಮಾಡಿದವನೂ ನಾನೇ. ಶಂಕ್ರೆಪ್ಪನವರು ಬಾಗಿಲಿಗೆ ಬಂದು ಬರಮಾಡಿಕೊಂಡರು. ನೀನು ಕೂತು ಲೇಸು ಬಿಚ್ಚಿದೆ, ಬೂಟು ಜೋಡಿಸಿಟ್ಟೆ, ಎದ್ದು ನಿಂತೆ. ಪ್ಯಾಂಟು ಹಿಮ್ಮಡಿಯ ಕೆಳಗೆ ಮಡಿಚಿ ನೆಲ ಗುಡಿಸಿತು. ಮುದುಕರ ನೋಟ ಕೆಳಗೆ ಇಳಿಯಿತು, ಬೂಟಿಗೆ ಹೋಯಿತು, ಮತ್ತೆ ನಿನ್ನ ಕಡೆ ಬಂತು. ಕೂತಿದ್ದ ಹಿರಿಯರೂ ಕತ್ತು ಚಾಚಿ ನೋಡಿದರು. ನಾನು ಕಾದಿದ್ದ ಗಳಿಗೆ ಅದೇ.

ನೀನು ಬಗ್ಗಿ ಪ್ಯಾಂಟಿನ ಅಂಚನ್ನು ಎರಡು ಸುತ್ತು ಮೇಲಕ್ಕೆ ಮಡಿಚಿ, ನೆಟ್ಟಗೆ ನಿಂತು ಹೇಳಿದೆ: "ಸಂಘದಾಗ ನೋಡಿದಾಗ ಎರಡೂವರಿ ಇಂಚ ಹೆಚ್ಚಿಗಿದ್ದೆ, ಅದು ಬೂಟಿಂದು. ಉಳಿದದ್ದು ಇಷ್ಟ, ಇದು ನಂದು. ಆ ಬೂಟು ನನಗ ಭಾಳ ಸೇರತಾವ, ಲಗ್ನ ಆದಮ್ಯಾಲೂ ಹಾಕ್ಕೋತೀನಿ. ಒಪ್ಪಿಗಿ ಇಲ್ಲಂದ್ರ ಈಗ ಹೇಳ್ರಿ, ಚಹಾ ಕುಡದು ಹೊಕ್ಕೀನಿ."

ಒಳಗಿನಿಂದ ಶರಣವ್ವ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಮಗಳು ನಕ್ಕದ್ದಕ್ಕೆ ತಂದೆ ನಕ್ಕರು, ಹಿರಿಯರು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಯಾರಾದರೂ ನನ್ನನ್ನು ನೋಡುತ್ತಿದ್ದರು.

ನಿಮ್ಮ ಲಗ್ನವಾಗಿ ನೀನು ಚೆಂಬೂರಿಗೆ ಹೋದ ಮೇಲೆ ನಾನು ಒಬ್ಬನೇ ಶೆಟ್ಟೆಪ್ಪನಲ್ಲಿಗೆ ಹೋದೆ. ನನಗೂ ಅಂಥದೇ ಕಂದು ಬೂಟು ಬೇಕು ಎಂದೆ. ಮುದುಕ ನನ್ನನ್ನು ಕೆಳಗಿನಿಂದ ಮೇಲಿನತನಕ ನೋಡಿ, "ನಿಮಗ್ಯಾಕ್ರೀ? ಬಾಗಲಾ ಹಣಿಗೆ ಬಡೀತಾವ" ಎಂದ. ಆದರೂ ಮಾಡಿಕೊಟ್ಟ. ಒಂದು ಶನಿವಾರ ಹಾಕಿಕೊಂಡು ಇಲ್ಲಿಂದ ದಾದರಿನವರೆಗೆ ಹೋದೆ. ಗಾಡಿಯಲ್ಲಿ ಎಲ್ಲರಿಗಿಂತ ಒಂದು ತಲೆ ಮೇಲಿದ್ದೆ. ಯಾರು ನೋಡುತ್ತಾರೆ, ಯಾರು ನಗುತ್ತಾರೆ ಎಂದು ಹುಡುಕುವುದರಲ್ಲೇ ಕುತ್ತಿಗೆ ನೋವು ಬಂತು. ದಾದರಿನ ಸೇತುವೆ ಇಳಿಯುವಾಗ ಕಂಬಿ ಹಿಡಿದು ನಿಂತುಬಿಟ್ಟೆ. ಆ ಬೂಟಿನಲ್ಲಿ ನೀನು ಎರಡು ವರ್ಷ ನಗುತ್ತ ನಡೆದದ್ದು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಈಗಲೂ ಆಗಿಲ್ಲ. ಎರಡೂವರೆ ಇಂಚಿನ ಹೊಟ್ಟೆಕಿಚ್ಚು ಆವತ್ತೇ ತೀರಿತು. ಅದಕ್ಕಿಂತ ದೊಡ್ಡದು ಉಳಿಯಿತು.

ಶರಣವ್ವನ ಮೌನ ನೋಡಿ ಮೊನ್ನೆಯವರೆಗೆ ನಾನು ಬೇರೆ ಏನೋ ಅಂದುಕೊಂಡಿದ್ದೆ. ಗಂಡನಿಗೆ ಎಂದೋ ಹೇಳಿದ್ದಾಳೆ, ಅವನೇ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದಾನೆ ಎಂದು. ಅದು ಹೇಗೋ ಸಹಿಸುವಂತಿತ್ತು. ಆದರೆ ಅವಳು ಹೇಳಿಯೇ ಇಲ್ಲ. ನನ್ನ ಮೇಲಿನ ಕರುಣೆಯಿಂದಲ್ಲ ಪರಪ್ಪಾ. ನಿನಗೆ ಒಬ್ಬ ಗೆಳೆಯನಿದ್ದಾನೆ ಎಂಬ ನಿನ್ನ ನಂಬಿಕೆ ಮುರಿಯಬಾರದು ಎಂದು. ಒಬ್ಬ ಮನುಷ್ಯನನ್ನು ಇನ್ನೊಬ್ಬರು ಅಷ್ಟು ಜೋಪಾನ ಮಾಡುತ್ತಾರೆಯೇ? ನನಗೆ ಅದರ ಮೇಲೂ ಹೊಟ್ಟೆಕಿಚ್ಚು. ಇದನ್ನು ಬರೆಯುವಾಗಲೂ ಇದೆ. ಆದ್ದರಿಂದ ಕ್ಷಮಿಸು ಎಂದು ಕೇಳುವುದಿಲ್ಲ. ಹೊಟ್ಟೆಕಿಚ್ಚನ್ನು ಪೂರ್ತಿ ಬಿಡದೆ ಕ್ಷಮೆ ಕೇಳಿದರೆ ಅದೂ ಮೋಸವೇ. ಅವಳನ್ನು ಮಾತ್ರ ಯಾಕೆ ಮುಚ್ಚಿಟ್ಟೆ ಎಂದು ಕೇಳಬೇಡ.

ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು ನಿನ್ನ ಪಕ್ಕದ ಮೇಜಿನಲ್ಲಿ ಕೂರುತ್ತೇನೆ. ನೀನಾಗಿ ಮಾತಾಡಿಸುವವರೆಗೆ ತಲೆ ಎತ್ತುವುದಿಲ್ಲ. ನೀನು ಮಾತಾಡಿಸದಿದ್ದರೂ ಮೇಜು ಬದಲಿಸಿ ಎಂದು ಸಾಹೇಬರನ್ನು ಕೇಳುವುದಿಲ್ಲ.

ಕೂಸಿಗೆ ತಾಯಿಯ ಕಣ್ಣು, ನಿನ್ನ ನಡಿಗೆ ಬರಲಿ. ಯಾರ ದೃಷ್ಟಿಯೂ, ನನ್ನದೂ, ಅದಕ್ಕೆ ತಾಗದಿರಲಿ. ನೀವು ಮೂವರೂ ಸುಖವಾಗಿರಿ.

ಇಂತು, ಗೆಳೆಯನೆಂದು ನೀನು ನಂಬಿದ,
ನೀಲಕಂಠಪ್ಪ