ಎಂಜಿನ್ ಇಳಿಸಿದ ಭಾನುವಾರಗಳು

ಮಾರ್ಚ್ 2, ಭಾನುವಾರ

ಕಾರಿನ ಬಾನೆಟ್ ಬಿಚ್ಚಿ ಕಾಂಪೌಂಡಿಗೆ ಒರಗಿಸಿದ್ದಾಯಿತು. ಬ್ಯಾಟರಿ ಹೊರಗೆ. ರೇಡಿಯೇಟರ್ ನೀರು ಅರ್ಧ ಬಕೆಟ್‌ಗೆ, ಅರ್ಧ ನನ್ನ ಚಪ್ಪಲಿಗೆ. ಮಾವನಿಗೆ ಅರವತ್ತೆಂಟು, ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಗ್ಯಾರೇಜಿಗೆ ಕೊಡೋಣ ಎಂದು ಇವರು ತಂದೆಗೆ ಎಷ್ಟು ಹೇಳಿದರೂ ಕೇಳಲಿಲ್ಲ.

"ನನ್ನ ಕಾರಿಗೆ ಬೇರೆಯವರು ಕೈ ಹಾಕೋದು ಬೇಡ."

ಇವರು ಡ್ಯೂಟಿಗೆ ಹೋದರು. ಸಿಕ್ಕಿಬಿದ್ದವಳು ನಾನು.

ಆಗಲ್ಲ ಎನ್ನಲು ನನಗೆ ಮುಖವೆಲ್ಲಿದೆ? ಕಾರು ಕೆಟ್ಟದ್ದು ನನ್ನ ಕೈಯಲ್ಲಿ. ಆಯಿಲ್‌ನ ಕೆಂಪು ದೀಪ ಹತ್ತಿತ್ತು. ನೋಡಿದೆ. ನಾನು ಕೆಲಸ ಮಾಡುವ ಲ್ಯಾಬಿಗೆ ತಡವಾಗಿತ್ತು... ಹನ್ನೊಂದು ಕಿಲೋಮೀಟರ್ ಓಡಿಸಿದೆ. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಸಿಳ್ಳೆ ಹಾಕಿತು, ಎಂಜಿನ್ ಟಕಟಕ ಬಡಿದುಕೊಂಡು ನಿಂತಿತು. ಮನೆಯಲ್ಲಿ ಹೇಳಿದ್ದು — ಇದ್ದಕ್ಕಿದ್ದಂತೆ ನಿಂತುಹೋಯಿತು ಎಂದು.

ಮಾರ್ಚ್ 9, ಭಾನುವಾರ

ಇಂದು ಟರ್ಬೊ ಬಿಚ್ಚುವ ಸರದಿ. ಬಿಸಿಯಲ್ಲಿ ಬೆಂದು ತುಕ್ಕು ಹಿಡಿದ ನಾಲ್ಕು ನಟ್. ಮೂರು ಬಂದವು. ನಾಲ್ಕನೆಯದು ಹಿಂದುಗಡೆ, ಕಣ್ಣಿಗೆ ಕಾಣದ ಸಂದಿಯಲ್ಲಿ. ಮಾವನ ಕೈ ದಪ್ಪ, ಹೋಗುವುದಿಲ್ಲ. ನನ್ನದು ಹೋಗುತ್ತದೆ, ಬಲವಿಲ್ಲ.

"ಎಡಕ್ಕೆ ತಿರುಗಿಸಮ್ಮಾ."

"ಎಡಕ್ಕೇ ತಿರುಗಿಸ್ತಿದ್ದೀನಿ ಮಾವ."

"ನಿನ್ನ ಎಡ ಅಲ್ಲ, ನಟ್ಟಿನ ಎಡ!"

ನಟ್ಟಿಗೂ ಬೇರೆ ಎಡಬಲವಂತೆ. ಸ್ಪ್ಯಾನರ್ ಜಾರಿತು. ನನ್ನ ಗೆಣ್ಣು ಸುಲಿಯಿತು, ನಟ್ಟಿನ ಮೂಲೆಗಳೆಲ್ಲ ಸವೆದು ಗೋಲಿಯಂತಾಯಿತು. ಮಾವ ಬೈಯಲಿಲ್ಲ. ಬೈದಿದ್ದರೆ ಸುಖವಿತ್ತು. ಬ್ಯಾಂಡೇಜ್ ತಂದು ತಾವೇ ಸುತ್ತಿದರು.

ಇಡೀ ದಿನಕ್ಕೆ ಮೂರು ನಟ್. ಹೀಗೇ ಆದರೆ ಎಂಜಿನ್ ಇಳಿಯುವಷ್ಟರಲ್ಲಿ ನನಗೂ ರಿಟೈರ್‌ಮೆಂಟ್.

ಮಾರ್ಚ್ 12, ಬುಧವಾರ, ಬೆಳಿಗ್ಗೆ 6.30

ಮಾವ ಗರಗಸದ ಬ್ಲೇಡಿನ ತುಂಡು ಹಿಡಿದು ಆ ನಟ್ಟನ್ನು ಕೊಯ್ಯುತ್ತಿದ್ದಾರೆ. ನಿನ್ನೆಯೂ ಕೊಯ್ದರು. ಕರಕರ, ಕರಕರ. ಮಹಡಿ ಮನೆಯವರು ಎರಡು ಸಲ ಇಣುಕಿದರು. ಈಗಲೇ ಹೇಳಿಬಿಡೋಣ ಎಂದು ಬಾಗಿಲವರೆಗೆ ಹೋದೆ. "ಕಾಫಿ ಆಯ್ತಾ?" ಎಂದರು. ತರುತ್ತೇನೆ ಎಂದು ವಾಪಸು ಬಂದೆ. ಹೇಡಿ.

ಮಾರ್ಚ್ 23, ಭಾನುವಾರ

ಆ ನಟ್ ಅಂತೂ ತುಂಡಾಯಿತು, ಆದರೆ ಕಳೆದ ವಾರವೆಲ್ಲ ಮಾವ ಸೊಂಟ ಹಿಡಿದುಕೊಂಡು ಮಲಗಿದ್ದರು. ಇಂದು ಎದ್ದರು. ಮೂರು ಕಬ್ಬಿಣದ ಪೈಪು ನಿಲ್ಲಿಸಿ ಕಟ್ಟಿ, ಬಾಡಿಗೆಗೆ ತಂದ ಚೈನ್ ಪುಲ್ಲಿ ತೂಗುಹಾಕಿದೆವು. ನಾನು ಚೈನ್ ಎಳೆದೆ. ಎಂಜಿನ್ ಏಳಲಿಲ್ಲ — ಕಾರಿನ ಮೂತಿಯೇ ಎದ್ದಿತು! ಗೇರ್‌ಬಾಕ್ಸ್ ಹತ್ತಿರದ ಒಂದು ಬೋಲ್ಟ್ ಬಿಚ್ಚಲು ಮರೆತಿದ್ದೆವು. ಇಳಿಸು, ಬಿಚ್ಚು, ಮತ್ತೆ ಎಳೆ. ಅಂಗೈ ಚರ್ಮ ಕಿತ್ತುಬಂತು.

ಸಂಜೆ ನಾಲ್ಕಕ್ಕೆ ಎಂಜಿನ್ ಗಾಳಿಯಲ್ಲಿ. ಖುಷಿಪಡಬೇಕಿತ್ತು. ಮಾವ ಬಗ್ಗಿ, ತಳದಲ್ಲಿ ಆಯಿಲ್ ಇಳಿಸುವ ಬೋಲ್ಟನ್ನು ಮುಟ್ಟಿ ನೋಡಿದರು. ಅದರ ಸುತ್ತ ಆಯಿಲ್ ಒಸರಿ ಧೂಳು ಮೆತ್ತಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ನನ್ನದೇ ತಪ್ಪು ಕಣಮ್ಮಾ. ಆಯಿಲ್ ಬದಲಾಯಿಸಿದಾಗ ಹಳೇ ವಾಷರ್ರೇ ಹಾಕ್ಬಿಟ್ಟೆ. ಸೋರಿ ಸೋರಿ ಖಾಲಿಯಾಗಿದೆ. ನಿನ್ನನ್ನ ನಡುರಸ್ತೇಲಿ ನಿಲ್ಲಿಸ್ದೆ... ನಿನ್ನ ಗಂಡನಿಗೆ ಹೇಳ್ಬೇಡ."

ನೀರು ತರುತ್ತೇನೆ ಎಂದು ಒಳಗೆ ಹೋದೆ.

ಮಾರ್ಚ್ 25, ಮಂಗಳವಾರ

ಮಾವ ಸ್ಪ್ಯಾನರ್‌ಗಳನ್ನು ಒಂದೊಂದೇ ಒರೆಸಿ ರಟ್ಟಿನ ಡಬ್ಬಿಗೆ ತುಂಬುತ್ತಿದ್ದಾರೆ. ಬೀದಿ ಕೊನೆಯ ಮೆಕ್ಯಾನಿಕ್‌ಗೆ ಕೊಟ್ಟುಬಿಡುತ್ತಾರಂತೆ. "ಒಂದು ವಾಷರ್ ನೆಟ್ಟಗೆ ಹಾಕಕ್ಕಾಗ್ದಿರೋ ಕೈಗೆ ಇವೆಲ್ಲ ಯಾಕೆ?" ಅರ್ಧ ಊಟಕ್ಕೇ ಎದ್ದರು.

ಸಂಜೆ 7

ಹೇಳಿದೆ.

"ದೀಪ ಹತ್ತಿತ್ತು ಮಾವ. ನೋಡ್ದೆ. ಆದ್ರೂ ನಿಲ್ಲಿಸ್ಲಿಲ್ಲ."

"ಎಷ್ಟು ದೂರ?"

"ಹನ್ನೊಂದು ಕಿಲೋಮೀಟರ್."

ಒರೆಸುತ್ತಿದ್ದ ಬಟ್ಟೆಯನ್ನು ನೆಲಕ್ಕೆ ಬಡಿದರು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರ ಆ ದನಿ ಕೇಳಿರಲಿಲ್ಲ.

"ನಿಲ್ಲಿಸಿದ್ರೆ ಒಂದು ವಾಷರ್, ನಾಲ್ಕು ಲೀಟರ್ ಆಯಿಲ್‌ನಲ್ಲಿ ಮುಗೀತಿತ್ತಲ್ಲಮ್ಮಾ! ಇಷ್ಟು ದಿನ ನನ್ನ ಪಕ್ಕದಲ್ಲೇ ನಿಂತಿದ್ದೆ. ಬಾಯಲ್ಲೇನು ನಟ್ ಇಟ್ಕೊಂಡಿದ್ಯಾ?"

ಎದ್ದು ಹೊರಗೆ ಹೋದರು.

ಮಾರ್ಚ್ 30, ಭಾನುವಾರ

ಐದು ದಿನ ಮಾತಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾರೆ, ಮುಖ ನೋಡುವುದಿಲ್ಲ. ಇವರು ಏನಾಯಿತೆಂದು ಕೇಳಿದರು. ನಾನೂ ಮಾವನೂ ಒಟ್ಟಿಗೇ "ಏನಿಲ್ಲ" ಎಂದೆವು. ಬೆಳಿಗ್ಗೆ ಮೆಕ್ಯಾನಿಕ್ ಡಬ್ಬಿ ಒಯ್ಯಲು ಬಂದಿದ್ದ. ಮಾವ ಕೊಡಲಿಲ್ಲ. "ಇನ್ನೂ ಕೆಲಸ ಇದೆ ಮಾರಾಯ" ಎಂದು ಕಳಿಸಿದರು.

ಈಗ ಹೊರಗೆ ಸದ್ದು. ಎಂಜಿನ್ ಬಿಚ್ಚುತ್ತಿದ್ದಾರೆ, ಒಬ್ಬರೇ. ಏನೋ ಠಣ್ ಎಂದು ಬಿತ್ತು. ಬೈಗುಳ — ಎಂಜಿನ್‌ಗೋ, ನನಗೋ.

"ಏಯ್... ಒಳಗೆ ಯಾರಿದ್ದೀರಿ?"

ಇರುವವಳು ನಾನೊಬ್ಬಳೇ ಎಂದು ಅವರಿಗೆ ಗೊತ್ತು. ಕೋಪ ಪೂರ್ತಿ ಇಳಿದಿಲ್ಲ, ದನಿಯಲ್ಲೇ ಇದೆ. ಇನ್ನೊಮ್ಮೆ ಕರೆಯಲಿ ಎಂದು ಕೂತಿದ್ದೆ. ಕರೆದರು. ಈ ಸಲ ಮೊದಲಿನ ಹಾಗೇ "ಅಮ್ಮಾ" ಎಂದು. ಹೊರಟೆ—